ಇಕ್ಕಟ್ಟಿಗೆ ಸಿಕ್ಕಿದ ನರ

ಸಕ್ಕರೆ ಕಾಯಿಲೆಯಲ್ಲಿ ಪಾದ ಜೋಮು ಹಿಡಿದು, ಕೊನೆಗೆ ಚಪ್ಪಲಿ ಕಳಚಿದರೂ ತಿಳಿಯದಂತಾದಾಗ ವೈದ್ಯರು ಬಹುಕಾಲ ಹೇಳುತ್ತಿದ್ದುದು ಇಷ್ಟೇ: ಸಕ್ಕರೆ ಹತೋಟಿಯಲ್ಲಿಡಿ, ಗಾಯವಾಗದಂತೆ ನೋಡಿಕೊಳ್ಳಿ. ಸೋತ ನರಕ್ಕೆ ಸರ್ಜನ್ ಏನು ಮಾಡಿಯಾರು?

1962ರಲ್ಲಿ ಕೆಕ್ ಮತ್ತು ಲ್ಯಾಮ್ ಎಂಬ ವೈದ್ಯರು, ಬೇರೆ ಬೇರೆಯಾಗಿ, ಕಾಲಿನ ಹರಡಿನ ಒಳಬದಿಯ ಕಿರುಸುರಂಗದಲ್ಲಿ ನರ ಅದುಮಿಹೋಗುವುದನ್ನು ವಿವರಿಸಿದ್ದರು. ಅಮೆರಿಕದ ಬಾಲ್ಟಿಮೋರ್‌ನ ಪ್ಲಾಸ್ಟಿಕ್ ಸರ್ಜನ್ ಎ. ಲೀ ಡೆಲ್ಲನ್ ಈ ಎಳೆಯನ್ನು ಮಧುಮೇಹದವರೆಗೆ ಎಳೆದರು. ಗ್ಲೂಕೋಸ್ ನರದೊಳಗೆ ಸಾರ್ಬಿಟಾಲ್ ಆಗಿ ನೀರು ಹೀರುತ್ತದೆ, ನರ ಊದುತ್ತದೆ. ಊದಿದ ನರ ಮೊದಲೇ ಇಕ್ಕಟ್ಟಾದ ಜಾಗಗಳಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಅವರ ವಾದ. ಅಲ್ಲಿ ನರವನ್ನು ಬಿಗಿದಿರುವ ಪಟ್ಟಿಯನ್ನು ಸೀಳಿ ಸಡಿಲಿಸಿದರೆ ಸ್ಪರ್ಶ ಮರಳೀತು! 1992ರಲ್ಲಿ ತಮ್ಮ ರೋಗಿಗಳ ಫಲಿತಾಂಶವನ್ನೂ ಪ್ರಕಟಿಸಿದರು.

ರೋಗಿಯನ್ನು ಆರಿಸಲು ಬಳಸಿದ್ದು ಮಾತ್ರ ಹಳೆಯ ಉಪಾಯ. ನರದ ಮೇಲೆ ಬೆರಳಿನಿಂದ ತಟ್ಟಿದಾಗ ಪಾದದತ್ತ ಜುಮ್ಮೆಂದರೆ ಆಸೆಯಿದೆ. 1915ರಲ್ಲಿ, ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಫ್ರಾನ್ಸಿನ ಜೂಲ್ ಟಿನೆಲ್ ಈ ಜುಮ್ಮನ್ನು ದಾಖಲಿಸಿದ್ದರು.

ನರತಜ್ಞರು ಸುಲಭಕ್ಕೆ ಒಪ್ಪಲಿಲ್ಲ. ಪ್ರಯೋಜನ ಸಾಬೀತಾಗಿಲ್ಲ ಎಂದು 2006ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ ಹೇಳಿತು. ಮಾತು ಕಟು, ಆದರೆ ನ್ಯಾಯವಾದದ್ದೇ: ಶಸ್ತ್ರಚಿಕಿತ್ಸೆಯಾಗದ ರೋಗಿಗಳೊಂದಿಗೆ ಸರಿಯಾಗಿ ಹೋಲಿಸಿ ನೋಡಿದ ಅಧ್ಯಯನಗಳೇ ಆಗ ಇರಲಿಲ್ಲ.