ಇ-ಬೈಕ್ ಹಾರ್ನೆಸ್: ವೈರಿಂಗ್ ಸರಳ, ರಿಪೇರಿ?

ಇ-ಬೈಕ್ ಹ್ಯಾಂಡಲ್‌ನಿಂದ ಕಂಟ್ರೋಲರ್‌ಗೆ ಸಾಮಾನ್ಯವಾಗಿ ನಾಲ್ಕು ಕೇಬಲ್: ಡಿಸ್‌ಪ್ಲೇ, ಥ್ರಾಟಲ್, ಎರಡು ಬ್ರೇಕ್ ಸ್ವಿಚ್. ಇವನ್ನೆಲ್ಲ ಒಂದೇ ಜಲನಿರೋಧಕ ಪ್ಲಗ್‌ಗೆ ಸೇರಿಸೋದೇ '1ಟಿ4' ಹಾರ್ನೆಸ್. ಬಣ್ಣ, ಬಾಣದ ಗುರುತು ಹೊಂದಿಸಿ ಒತ್ತಿದರೆ ಸಾಕು, ಬೆಸುಗೆ ಬೇಡ. ಬ್ಯಾಟರಿ ಲೈನು, ಮೋಟಾರಿನ ಮೂರು ದಪ್ಪ ಫೇಸ್ ವೈರು ಮಾತ್ರ ಬೇರೆಯೇ ಇರಬೇಕು. ಅಷ್ಟು ಕರೆಂಟ್ ಹರಿದರೆ ಸಣ್ಣ ಪಿನ್ ಕಾದು ಕರಗುತ್ತೆ.

ಎಂಜಿನಿಯರಿಂಗ್ ಓದಿದ ನನಗೆ ಈ ವಿನ್ಯಾಸ ಇಷ್ಟ. ಪ್ರಶ್ನೆ ಇರೋದು ರಿಪೇರಿಯದ್ದು. 2017ರಲ್ಲೇ, ದೇಶದಲ್ಲಿ ಮೊದಲು, ಇವಿ ನೀತಿ ತಂದ ರಾಜ್ಯ ನಮ್ಮದು. ಕೈಗಾರಿಕೆಗೆ ರೈತರು ಸಾವಿರಾರು ಎಕರೆ ಬಿಟ್ಟುಕೊಟ್ಟ ಊರು ಯಾದಗಿರಿಯ ಕಡೇಚೂರು. ಅಲ್ಲಿನ ಮೆಕ್ಯಾನಿಕ್‌ಗೆ ಪಿನ್ ನಕ್ಷೆಯೇ ಸಿಗದಿದ್ದರೆ, ಒಂದು ಬ್ರೇಕ್ ವೈರ್ ತುಂಡಾದರೂ ಇಡೀ ಹಾರ್ನೆಸ್ ಕೊಳ್ಳಬೇಕು. ಪ್ರತಿ ಬೈಕಿನ ಜೊತೆ ಕನ್ನಡದಲ್ಲೇ ಪಿನ್ ನಕ್ಷೆ ಕೊಡೋದು ಕಡ್ಡಾಯವಾಗಲಿ.