ಗುಜರಿಗೆ ಹಾಕುವ ಮುನ್ನ: ಹಳೆಯ ಬೀಡಿನ ಪಾತ್ರೆಗಳ ಸಂಗ್ರಹ ಮತ್ತು ದುರಸ್ತಿ

ನಂಜನಗೂಡು ತಾಲ್ಲೂಕಿನ ತಗಡೂರು ಹಾಗೂ ನೆರೆಯ ತಿ.ನರಸೀಪುರ ಸೀಮೆಯ ಹಳೆಯ ಮನೆಗಳಲ್ಲಿ ದೋಸೆ ಕಾವಲಿ, ಗುಳಿಯಪ್ಪದ ಹೆಂಚು, ಬಾಣಲೆಗಳು ಅಟ್ಟ ಸೇರಿ ತುಕ್ಕು ಹಿಡಿದಿರುವುದು ಅಪರೂಪವೇನಲ್ಲ. ಗ್ಯಾಸ್ ಒಲೆ ಮತ್ತು ನಾನ್‌ಸ್ಟಿಕ್ ತವಾಗಳು ಬಂದ ಮೇಲೆ ಬಳಕೆ ತಪ್ಪಿದ ಈ ಪಾತ್ರೆಗಳು ಮನೆ ಕೆಡವಿ ಕಟ್ಟುವಾಗ ತೂಕದ ಲೆಕ್ಕದಲ್ಲಿ ಗುಜರಿ ಪಾಲಾಗುತ್ತವೆ. ಆದರೆ ತುಕ್ಕು ಹಿಡಿದ ಮಾತ್ರಕ್ಕೆ ಕಬ್ಬಿಣದ ಪಾತ್ರೆ ಕೆಟ್ಟಿತೆಂದು ಅರ್ಥವಲ್ಲ. ಬಿರುಕು ಬಿಡದ, ಸೀಸ ತಾಗದ ಪಾತ್ರೆಯನ್ನು ಬಹುತೇಕ ಮನೆಯಲ್ಲಿಯೇ ಮತ್ತೆ ಬಳಕೆಗೆ ತರಬಹುದು.

ಹಿನ್ನೆಲೆ

ಹಳೆಯ ಮೈಸೂರು ಸೀಮೆಗೂ ಕಬ್ಬಿಣಕ್ಕೂ ಇರುವ ನಂಟು ಪುರಾತನವಾದುದು. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿಯು ಕಬ್ಬಿಣದ ಭಿಕ್ಷೆಗಾಗಿ ಹಲಗೂರಿನ ಪಾಂಚಾಳರ ಬಳಿಗೆ ಹೋಗುವ ಪ್ರಸಂಗ ಪ್ರಸಿದ್ಧ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಹಳ್ಳಿಗಳಲ್ಲಿ ಅದಿರನ್ನು ಇದ್ದಿಲಿನೊಡನೆ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದ ಕ್ರಮವನ್ನು ದಾಖಲಿಸಿದ್ದಾನೆ.

ಆ ಸಣ್ಣ ಕುಲುಮೆಗಳಿಂದ ಬರುತ್ತಿದ್ದುದು ಬಡಿದು ರೂಪಿಸಬೇಕಾದ ಮೆದು ಕಬ್ಬಿಣ. ಅಚ್ಚಿಗೆ ಹೊಯ್ಯುವ ಎರಕದ ಕಬ್ಬಿಣವೇ ಬೇರೆ. ಚೀನಾದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಬಳಕೆಯಲ್ಲಿದ್ದ ಈ ವಿದ್ಯೆಯನ್ನು ಅಡುಗೆ ಪಾತ್ರೆಗೆ ಅಗ್ಗವಾಗಿ ಅಳವಡಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವ ವಿಧಾನಕ್ಕೆ 1707ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ. ಮೈಸೂರು ಸಂಸ್ಥಾನದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಮರದ ಇದ್ದಿಲಿನಿಂದ ಅಲ್ಲಿ ತಯಾರಾಗುತ್ತಿದ್ದ ಬೀಡು ಕಬ್ಬಿಣವು ಎರಕದ ಕೆಲಸಕ್ಕೆ ಬೇಕಾದ ಮೂಲವಸ್ತು.

ಗುರುತಿಸುವುದು ಹೇಗೆ?

ಎರಕದ ಕಬ್ಬಿಣದಲ್ಲಿ ಶೇ. 2ಕ್ಕಿಂತ ಹೆಚ್ಚು ಇಂಗಾಲವಿರುತ್ತದೆ. ಅದು ಸುಮಾರು 1,150ರಿಂದ 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಅಚ್ಚಿನೊಳಗೆ ಸಲೀಸಾಗಿ ಹರಿಯುತ್ತದೆ. ಆದರೆ ಪೆಡಸು, ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ. ಬೀಡಿನ ಪಾತ್ರೆ ದಪ್ಪವಾಗಿದ್ದು, ಹಿಡಿಯು ಮೈಯೊಡನೆ ಒಂದಾಗಿರುತ್ತದೆ. ತಳಭಾಗದಲ್ಲಿ ಮರಳಿನ ತರಿ ಕಾಣುತ್ತದೆ. ಕಮ್ಮಾರನು ಬಡಿದು ಮಾಡಿದ ಪಾತ್ರೆ ತೆಳುವಾಗಿದ್ದು, ಸುತ್ತಿಗೆಯ ಗುರುತುಗಳನ್ನೂ ಹಿಡಿಗೆ ಹೊಡೆದ ರಿವೆಟ್‌ಗಳನ್ನೂ ಹೊಂದಿರುತ್ತದೆ. ಬಿದ್ದರೆ ಬಗ್ಗುವುದೇ ಹೊರತು ಒಡೆಯುವುದಿಲ್ಲ.

ಕೊಳ್ಳುವ ಮುನ್ನ ಪರೀಕ್ಷೆ

ಪಾತ್ರೆಯನ್ನು ಹಿಡಿಯಿಂದ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಬೇಕು. ನಾದ ಹೊಮ್ಮಿದರೆ ಒಳ್ಳೆಯದು. ಒಡಕು ದನಿ ಬಂದರೆ ಬಿರುಕಿರುವ ಸಂಭವ ಹೆಚ್ಚು. ಬಿಸಿಯಾದಂತೆ ಬಿರುಕು ಬೆಳೆಯುತ್ತದೆ. ಬೀಡಿಗೆ ವೆಲ್ಡಿಂಗ್ ಕಷ್ಟಸಾಧ್ಯವಾದುದರಿಂದ ಅಂಥದ್ದನ್ನು ಅಡುಗೆಗೆ ಬಳಸದಿರುವುದೇ ಲೇಸು. ಸಮತಟ್ಟಾದ ಕಲ್ಲಿನ ಮೇಲಿಟ್ಟು, ತಳ ಅಲುಗಾಡುತ್ತದೆಯೇ ಎಂಬುದನ್ನೂ ನೋಡಬೇಕು.

ಸೀಸದ ಅಪಾಯ ಇನ್ನೂ ಗಂಭೀರವಾದುದು. ಮೀನುಬಲೆಯ ಗುಂಡು, ಮುದ್ರಣಾಲಯದ ಅಚ್ಚುಮೊಳೆ ಮುಂತಾದವುಗಳಿಗಾಗಿ ಸೀಸ ಕರಗಿಸಲು ಹಳೆಯ ಬಾಣಲೆಗಳನ್ನು ಬಳಸಿರುವ ಸಾಧ್ಯತೆ ಉಂಟು. ಪಾತ್ರೆಯ ಪೂರ್ವಾಪರ ತಿಳಿಯದಿದ್ದರೆ ಸೀಸದ ಪರೀಕ್ಷೆ ಮಾಡಿಸುವುದು ಅಗತ್ಯ. ಸೀಸ ಕರಗಿಸಿದ ಪಾತ್ರೆಯನ್ನು ಎಷ್ಟು ತಿಕ್ಕಿದರೂ ಅಡುಗೆಗೆ ಯೋಗ್ಯವೆಂದು ನಂಬುವಂತಿಲ್ಲ.

ತುಕ್ಕು, ಜಿಡ್ಡು ತೆಗೆಯುವುದು

ತೆಳು ತುಕ್ಕಿಗೆ ಹುಣಸೆಹಣ್ಣಿನ ರಸ ಮತ್ತು ತೆಂಗಿನ ನಾರು ಸಾಕು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ದಪ್ಪ ತುಕ್ಕಿಗೆ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ನೆನೆಸಬಹುದು. ಅರ್ಧ ಗಂಟೆಗೊಮ್ಮೆ ತೆಗೆದು ನೋಡಬೇಕು, ಏಕೆಂದರೆ ತುಕ್ಕು ಮುಗಿದ ಮೇಲೆ ಆಮ್ಲವು ಕಬ್ಬಿಣವನ್ನೇ ತಿನ್ನತೊಡಗುತ್ತದೆ.

ಹತ್ತಾರು ವರ್ಷಗಳ ಕರಕಲು ಜಿಡ್ಡಿಗೆ ಆಮ್ಲ ನಾಟುವುದಿಲ್ಲ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುವುದು ಇದಕ್ಕೆ ಪರಿಹಾರ. ಅದು ಚರ್ಮ ಹಾಗೂ ಕಣ್ಣನ್ನು ಸುಡುವುದರಿಂದ ಕೈಗವಸು, ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಈ ದ್ರಾವಣ ಮಾಡಕೂಡದು. ಕೆಂಡದಲ್ಲಿ ಹೂತು ಜಿಡ್ಡು ಸುಡುವ ಪದ್ಧತಿಯಿಂದ ಪಾತ್ರೆ ಸೊಟ್ಟಗಾಗುವ ಅಥವಾ ಸೀಳುವ ಭಯವಿದೆ.

ಪಳಗಿಸುವುದು

ಶುಚಿಯಾದ ಕಾವಲಿಯನ್ನು ತಕ್ಷಣ ಒಲೆಯ ಮೇಲಿಟ್ಟು ಒಣಗಿಸಬೇಕು. ತಡವಾದರೆ ನೋಡನೋಡುತ್ತಲೇ ಮತ್ತೆ ತುಕ್ಕು ಮೂಡುತ್ತದೆ. ಬಳಿಕ ತೆಳ್ಳಗೆ ಎಣ್ಣೆ ಸವರಿ, ಎಣ್ಣೆಯೇ ಇಲ್ಲವೆನ್ನುವಷ್ಟು ಬಟ್ಟೆಯಿಂದ ಒರೆಸಿ, ಸಣ್ಣ ಹೊಗೆ ಬರುವವರೆಗೆ ಕಾಯಿಸಿ ಆರಲು ಬಿಡಬೇಕು. ಇದನ್ನು ಮೂರು ನಾಲ್ಕು ಬಾರಿ ಮಾಡಿದಾಗ ಎಣ್ಣೆಯ ಅಣುಗಳು ಪರಸ್ಪರ ಬೆಸೆದುಕೊಂಡು ಗಟ್ಟಿಯಾದ ಕಪ್ಪು ಪದರವಾಗುತ್ತವೆ. ಎಣ್ಣೆ ಹೆಚ್ಚಾದರೆ ಪದರ ಅಂಟಂಟಾಗುತ್ತದೆ. ಲಿನೋಲೆಯಿಕ್ ಆಮ್ಲ ಹೇರಳವಾಗಿರುವ ಹುಚ್ಚೆಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಗಳು ಇದಕ್ಕೆ ಒದಗುತ್ತವೆ. ಅಗಸೆ ಎಣ್ಣೆಯ ಪದರ ಬಲು ಗಟ್ಟಿಯಾದರೂ ಚಕ್ಕೆ ಏಳುವುದುಂಟು.

ಹೊಸ ಕಾವಲಿಯನ್ನು ಗಂಜಿತಿಳಿಯಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಅರ್ಧ ಹೋಳು ಈರುಳ್ಳಿಯಿಂದ ಉಜ್ಜುವ ಮನೆವಾಡಿಕೆಯ ಉದ್ದೇಶವೂ ಇದೇ. ದಿನವೂ ದೋಸೆ ಹುಯ್ಯುವ ಮನೆಯ ಕಾವಲಿ ತಾನಾಗಿಯೇ ಪಳಗುತ್ತದೆ. ಕಾದ ಪಾತ್ರೆಗೆ ತಣ್ಣೀರು ಸುರಿಯಬಾರದು.

ಆರೋಗ್ಯದ ದೃಷ್ಟಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದಾಗ, ವಿಶೇಷವಾಗಿ ನೀರು ಮತ್ತು ಹುಳಿ ಇರುವ ಅಡುಗೆಗೆ, ಕಬ್ಬಿಣದ ಅಂಶ ಸೇರುತ್ತದೆ. ಆದರೆ ಹುಳಿಯು ಪಳಗಿದ ಪದರವನ್ನು ಸವೆಸುವುದರಿಂದ ಸಾರನ್ನು ಅದರಲ್ಲೇ ಇಟ್ಟು ಮುಚ್ಚಬಾರದು. ಇದು ಔಷಧಕ್ಕೆ ಬದಲಿಯೂ ಅಲ್ಲ. ಥಲಸ್ಸೇಮಿಯಾದಂಥ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆಯತಕ್ಕದ್ದು.

ಸಂಗ್ರಹಕಾರರ ಹೊಣೆ

ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿಯ ಅಡುಗೆಮನೆಯ ಪರಿಕರಗಳನ್ನು ಕಾಣಬಹುದು. ಮನೆಯಲ್ಲಿ ಸಂಗ್ರಹಿಸುವವರು ಪಾತ್ರೆ ಯಾವ ಊರಿನದು, ಯಾರ ಕಾಲದ್ದು, ಅದರಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಬರೆದಿಡುವುದು ಒಳಿತು. ಕಾವಲಿಯ ತುಕ್ಕನ್ನು ಯಾವಾಗ ಬೇಕಾದರೂ ತೆಗೆಯಬಹುದು. ಅದನ್ನು ಬಳಸಿದ ಹಿರಿಯರ ನೆನಪನ್ನು ಅವರಿರುವಾಗಲೇ ಕೇಳಿ ತಿಳಿಯಬೇಕು.