ಭಾರತದ ಖಾಸಗಿ ಆಸ್ಪತ್ರೆಗಳು: ಒಡೆತನದ ಚರಿತ್ರೆ

ಸರಕಾರದ ಒಡೆತನಕ್ಕೆ ಸೇರದೆ, ರೋಗಿಗಳನ್ನು ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆಗಳು ಖಾಸಗಿ ಆಸ್ಪತ್ರೆಗಳು. ಹತ್ತು ಹಾಸಿಗೆಯ ನರ್ಸಿಂಗ್ ಹೋಮ್‌ಗೂ ಷೇರುಪೇಟೆಯಲ್ಲಿ ವಹಿವಾಟಾಗುವ ಕಂಪನಿಯ ಆಸ್ಪತ್ರೆಗೂ ಇದೇ ಹೆಸರು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹೆರಿಗೆಗಳನ್ನು ಬಿಟ್ಟರೆ, ಆಸ್ಪತ್ರೆ ಸೇರಿದ ಪ್ರಕರಣಗಳಲ್ಲಿ ಸುಮಾರು ಶೇ. 55 ಖಾಸಗಿ ಆಸ್ಪತ್ರೆಗಳಿಗೆ ಹೋದವು. ಧರ್ಮಾರ್ಥ ಸಂಸ್ಥೆಗಳ ಪಾಲು ಶೇ. 3ನ್ನೂ ಮುಟ್ಟಲಿಲ್ಲ. ಖಾಸಗಿ ಆಸ್ಪತ್ರೆಯೆಂದರೆ ಬಹುಮಟ್ಟಿಗೆ ಧರ್ಮಾಸ್ಪತ್ರೆಯೇ ಆಗಿದ್ದ ಕಾಲವೊಂದಿತ್ತು ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ.

ಆ ಕಾಲದ ಆಸ್ಪತ್ರೆಗಳನ್ನು ಕಟ್ಟಿದವರು ಮಿಷನರಿಗಳು ಮತ್ತು ದಾನಿಗಳು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಅಲ್ಲಿಯೇ ಕುಷ್ಠರೋಗಿಗಳಿಗೆ ಆಶ್ರಯ ಸಿಕ್ಕಿತು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಚಿಕಿತ್ಸಾಲಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿ.ಎಂ.ಸಿ.) ಆಗಿ ಬೆಳೆಯಿತು. ಲಾಹೋರಿನಲ್ಲಿ ಸರ್ ಗಂಗಾರಾಮ್ ಕಟ್ಟಿಸಿದ ಆಸ್ಪತ್ರೆಯ ಹೆಸರು ದೇಶವಿಭಜನೆಯ ನಂತರ ದೆಹಲಿಯಲ್ಲೂ ಉಳಿಯಿತು. ಇವುಗಳ ಆಸ್ತಿ ಟ್ರಸ್ಟ್ ಅಥವಾ ಸೊಸೈಟಿಯದು. ಉಳಿತಾಯವನ್ನು ಯಾರೂ ಹಂಚಿಕೊಳ್ಳುವಂತಿರಲಿಲ್ಲ.

ಸಂಖ್ಯೆಯಲ್ಲಿ ಇಂದಿಗೂ ಹೆಚ್ಚಿರುವುದು ವೈದ್ಯರೇ ಒಡೆಯರಾಗಿರುವ ನರ್ಸಿಂಗ್ ಹೋಮ್‌ಗಳು. ಗಂಡ ಸರ್ಜನ್, ಹೆಂಡತಿ ಹೆರಿಗೆ ತಜ್ಞೆ, ಕೆಳಗೆ ವಾರ್ಡು, ಮೇಲೆ ಮನೆ: ತಾಲ್ಲೂಕು ಕೇಂದ್ರಗಳಲ್ಲಿ ಎಲ್ಲರೂ ಕಂಡ ವ್ಯವಸ್ಥೆಯಿದು. ದೂರು ಹೇಳಬೇಕಾದರೂ, ಬಿಲ್ಲು ಕಡಿಮೆ ಮಾಡಿ ಎಂದು ಕೇಳಬೇಕಾದರೂ ಡಾಕ್ಟರೇ ಎದುರಿಗಿರುತ್ತಾರೆ. ಈ ನೇರ ಹೊಣೆಗಾರಿಕೆಯನ್ನು ಮುಂದೆ ಬಂದ ಯಾವ ಮಾದರಿಯೂ ಉಳಿಸಿಕೊಂಡಿಲ್ಲ.

ಕರ್ನಾಟಕದಲ್ಲಿ ಇನ್ನೊಂದು ದಾರಿಯೂ ಬೆಳೆಯಿತು. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ತೆರೆದರು. ಬೆಳಗಾವಿಯಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆ 1963ರಲ್ಲಿ, ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ 1980ರಲ್ಲಿ ಅದೇ ಹಾದಿ ಹಿಡಿದವು. ಕಾಲೇಜಿಗೆ ಮಾನ್ಯತೆ ಸಿಗಲು ಆಸ್ಪತ್ರೆ ಬೇಕು, ಕಲಿಸಲು ರೋಗಿಗಳು ಬೇಕು. ಹಾಗಾಗಿ ಇಲ್ಲಿನ ಜನರಲ್ ವಾರ್ಡುಗಳಲ್ಲಿ ಬಡವರಿಗೆ ಕಡಿಮೆ ದರದ ಚಿಕಿತ್ಸೆ ದೊರೆಯಿತು. ಖರ್ಚಿನ ಭಾರ ಬಹುಪಾಲು ವಿದ್ಯಾರ್ಥಿಗಳ ಶುಲ್ಕದ ಮೇಲೆ ಬಿತ್ತು.

1983ರಲ್ಲಿ ಪ್ರತಾಪ್ ಸಿ. ರೆಡ್ಡಿ ಮದ್ರಾಸಿನಲ್ಲಿ ಅಪೋಲೊ ತೆರೆದಾಗ ಆಸ್ಪತ್ರೆ ಮೊದಲ ಬಾರಿಗೆ ಷೇರುದಾರರ ಕಂಪನಿಯಾಯಿತು. 2000ದಲ್ಲಿ ಆಸ್ಪತ್ರೆ ಕ್ಷೇತ್ರಕ್ಕೆ ಸ್ವಯಂಚಾಲಿತ ಮಾರ್ಗದಲ್ಲಿ, ಅಂದರೆ ಸರಕಾರದ ಪೂರ್ವಾನುಮತಿಯಿಲ್ಲದೆ, ಶೇ. 100 ವಿದೇಶಿ ನೇರ ಹೂಡಿಕೆ ಬರಲು ಅವಕಾಶವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ದೇವಿಶೆಟ್ಟಿ ನಾರಾಯಣ ಹೃದಯಾಲಯ ಕಟ್ಟಿದರು. 2016ರಲ್ಲಿ ಅದೂ ಷೇರುಪೇಟೆಗೆ ಬಂತು. ರಾಜ್ಯದ ಯಶಸ್ವಿನಿ (2003), ಕೇಂದ್ರದ ಆಯುಷ್ಮಾನ್ ಭಾರತ್ (2018) ಆರೋಗ್ಯ ಯೋಜನೆಗಳಡಿ ಖಾಸಗಿ ಆಸ್ಪತ್ರೆಗಳೂ ನೋಂದಾಯಿಸಿಕೊಂಡು ಬಡವರ ಚಿಕಿತ್ಸೆಗೆ ಹಣ ಪಡೆಯತೊಡಗಿದವು.

ಹೊರಗಿನಿಂದ ಒಂದೇ ಆಗಿ ಕಾಣುವ ಕಾರ್ಪೊರೇಟ್ ಆಸ್ಪತ್ರೆ ಒಳಗೆ ಹಲವು ಪಾಲಾಗಿರುವುದುಂಟು. ಜಾಗ ಒಬ್ಬರದು, ಆಡಳಿತ ಇನ್ನೊಬ್ಬರದು, ಔಷಧದಂಗಡಿ ಮತ್ತೊಬ್ಬರದು. ತಜ್ಞ ವೈದ್ಯರು ಅನೇಕ ಕಡೆ ನೌಕರರಲ್ಲ, ಶುಲ್ಕದಲ್ಲಿ ಪಾಲು ಪಡೆಯುವ ಸಲಹೆಗಾರರು. ಆಸ್ಪತ್ರೆ ಕಂಪನಿ ಫೋರ್ಟಿಸ್ 2012ರಲ್ಲಿ ತನ್ನ ಹಲವು ಆಸ್ಪತ್ರೆಗಳ ಕಟ್ಟಡಗಳನ್ನು ಸಿಂಗಪುರದಲ್ಲಿ ನೋಂದಾಯಿತವಾದ ಟ್ರಸ್ಟ್ ಒಂದಕ್ಕೆ ವರ್ಗಾಯಿಸಿ, ಅದಕ್ಕೆ ಶುಲ್ಕ ಕಟ್ಟತೊಡಗಿತು. 2018ರಲ್ಲಿ ಕಂಪನಿಯ ಶೇ. 31.1 ಪಾಲು 4,000 ಕೋಟಿ ರೂಪಾಯಿಗೆ ಮಲೇಷ್ಯಾದ ಆಸ್ಪತ್ರೆ ಕಂಪನಿ ಐ.ಎಚ್.ಎಚ್. ಕೈಸೇರಿತು. 2023ರಲ್ಲಿ ಮಣಿಪಾಲ್ ಹಾಸ್ಪಿಟಲ್ಸ್‌ನ ಶೇ. 59 ಪಾಲು ಸಿಂಗಪುರ ಸರಕಾರದ ಹೂಡಿಕೆ ಸಂಸ್ಥೆ ಟೆಮಾಸೆಕ್‌ಗೆ ಸೇರಿತು. ಎರಡೂ ಕಡೆ ನಾಮಫಲಕ ಮಾತ್ರ ಹಳೆಯದೇ ಉಳಿಯಿತು.

ಸಾರ್ವಜನಿಕ ಆಸ್ತಿಯೂ ಈ ವ್ಯವಸ್ಥೆಯಲ್ಲಿ ಸೇರಿಕೊಂಡಿದೆ. 1996ರಲ್ಲಿ ತೆರೆದ ದೆಹಲಿಯ ಇಂದ್ರಪ್ರಸ್ಥ ಅಪೋಲೊಗೆ ಸರಕಾರ ನಾಮಮಾತ್ರ ಬಾಡಿಗೆಗೆ ಜಾಗ ಕೊಟ್ಟು, ಶೇ. 26 ಪಾಲುದಾರನೂ ಆಯಿತು. ಮೂರರಲ್ಲೊಂದು ಹಾಸಿಗೆ ಬಡವರಿಗೆ ಉಚಿತವೆಂಬುದು ಕರಾರು. ಅದನ್ನು ಪಾಲಿಸುವಂತೆ ಹೈಕೋರ್ಟು 2009ರಲ್ಲಿ ಆದೇಶಿಸಬೇಕಾಯಿತು.

ಕಾನೂನು ತಡವಾಗಿ ಬಂತು. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ನೀಡಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, ಕೇಂದ್ರದ ಕಾಯ್ದೆ 2010ರದು. ಕರ್ನಾಟಕದ ಕಾಯ್ದೆಯ 2017ರ ತಿದ್ದುಪಡಿಯ ವಿರುದ್ಧ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ವೈದ್ಯರಿಗೆ ಜೈಲು ಶಿಕ್ಷೆ ವಿಧಿಸುವ ಅಂಶವನ್ನು ಸರಕಾರ ಕೈಬಿಟ್ಟಿತು, ರೋಗಿಗಳ ಹಕ್ಕುಪತ್ರ ಉಳಿಯಿತು. ಹಾಸಿಗೆ, ಸಿಬ್ಬಂದಿ, ದರಗಳ ಬಗ್ಗೆ ಮಾತಾಡುವ ಈ ಕಾನೂನುಗಳು ಒಡೆತನ ಕೈಬದಲಾಗುವುದರ ಬಗ್ಗೆ ಹೆಚ್ಚೇನೂ ಕೇಳುವುದಿಲ್ಲ. ರೋಗಿಯ ದೃಷ್ಟಿಯಿಂದ ಇದು ದೊಡ್ಡ ಕೊರತೆ. ಆಸ್ಪತ್ರೆಯ ದರಪಟ್ಟಿಯ ಜೊತೆಗೆ ಅದರ ಒಡೆಯರ ಹೆಸರನ್ನೂ ಪ್ರಕಟಿಸುವುದು ಕಡ್ಡಾಯವಾಗಬೇಕು.